ಮಾಲೂರಿನಿಂದ ಬೈರಕೂರಿಗೆ, ಒಂದು ಸದ್ದಿನ ಜೊತೆ

ಮಾಲೂರಿನ ನಮ್ಮ ಮನೆಯಿಂದ ಹೊರಟಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮೇ ತಿಂಗಳ ಕೊನೆ. ಹಿಂದಿನ ಸಂಜೆ ಒಂದು ಮಳೆ ಬಿದ್ದು ರಸ್ತೆಯ ಧೂಳು ಅಡಗಿತ್ತು. ನಾನು ಸ್ಟಿಯರಿಂಗ್ ಹಿಡಿದಿದ್ದೆ, ಪಕ್ಕದ ಸೀಟಿನಲ್ಲಿ ನಮ್ಮ ಯಜಮಾನರು ರಾಜಣ್ಣ. ಹಿಂದೆ ಸೀಟು ಮಡಚಿ ಮಾಡಿದ ಜಾಗದಲ್ಲಿ ಒಂದು ಹತ್ತಿಯ ಹಾಸಿಗೆ, ಮೂರು ನಾಲ್ಕು ದಿಂಬು. ಹೋಗಬೇಕಾಗಿದ್ದು ಮುಳಬಾಗಿಲು ತಾಲ್ಲೂಕಿನ ಬೈರಕೂರಿಗೆ, ಅವರ ಅಕ್ಕ ಮುನಿರತ್ನಮ್ಮನವರನ್ನು ಕರೆತರಲು. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು.

ಅಕ್ಕ ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಕೋಲಾರದಲ್ಲಿ ಆಪರೇಷನ್ ಆಗಿ, ಅಲ್ಲಿಂದ ಮನೆಗೆ ಬಂದು ಮಲಗಿದವರು ಇನ್ನೂ ಎದ್ದಿರಲಿಲ್ಲ. ಮೂಳೆ ಡಾಕ್ಟರು ಕೋಲಾರಕ್ಕೆ ಬರುವುದು ವಾರಕ್ಕೆ ಒಂದೇ ದಿನ, ಅದೂ ಮಧ್ಯಾಹ್ನ. ಮಾರನೆಯ ದಿನ ಅವರು ನೋಡಿ ಹೇಳಿದರೆ ಅಕ್ಕ ನೆಲಕ್ಕೆ ಕಾಲೂರಬಹುದು. ಅವರಿಗೆ ತೋರಿಸಿಕೊಂಡು ಅಲ್ಲಿಂದ ಹಾಗೇ ನಮ್ಮ ಮನೆಗೆ ಕರೆತರುವುದು, ಚೆನ್ನಾಗಿ ನಡೆದಾಡುವವರೆಗೂ ಇಟ್ಟುಕೊಳ್ಳುವುದು ಎಂದು ನಿಶ್ಚಯವಾಗಿತ್ತು. ಕಾಲು ಮಡಚಿ ಕೂರುವಂತಿರಲಿಲ್ಲವಾದ್ದರಿಂದ ಸಣ್ಣ ಕಾರು ಆಗುತ್ತಿರಲಿಲ್ಲ. ನಮ್ಮ ಹಳೆಯ ಎಸ್‌ಯುವಿಯಲ್ಲಾದರೆ ಉದ್ದಕ್ಕೆ ಮಲಗಬಹುದು.

ಈ ಗಾಡಿ ಮಾಮೂಲಾಗಿ ಓಡುವುದು ಹಿಂದಿನ ಎರಡು ಚಕ್ರಗಳ ಬಲದಲ್ಲಿ. ಕೆಸರೋ ಮರಳೋ ಸಿಕ್ಕಾಗ ಗೇರಿನ ಪಕ್ಕದ ಚಿಕ್ಕ ಹಿಡಿಯೊಂದನ್ನು ಎಳೆದರೆ ಮುಂದಿನ ಚಕ್ರಗಳೂ ಎಳೆಯಲು ಸೇರಿಕೊಳ್ಳುತ್ತವೆ. ಇವರು ಐಟಿಐಯಲ್ಲಿ ಮೋಟಾರು ಮೆಕಾನಿಕ್ ವಿಭಾಗದ ಮೇಷ್ಟರಾಗಿ ನಿವೃತ್ತರಾದವರು. ಗಾಡಿಯ ಒಂದೊಂದು ನಟ್ಟೂ ಅವರ ಕೈಗೆ ಗೊತ್ತು. ಬೀದಿಯಲ್ಲಿ ಯಾರದೋ ಗಾಡಿ ಹೋದರೆ ಊಟದ ತಟ್ಟೆಯ ಮುಂದೆ ಕೂತೇ ಅದಕ್ಕೆ ಏನಾಗಿದೆ ಎಂದು ಹೇಳುತ್ತಿದ್ದರು. ಹೋದ ವರ್ಷ ಒಂದು ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಕಿವಿ ಹೋಯಿತು. ಮೊದಲು ಒಂದು, ಆಮೇಲೆ ಇನ್ನೊಂದು. ಮಿಷನ್ ಹಾಕಿಸಿದೆವು. ಅದರಲ್ಲಿ ಗದ್ದಲ ಮಾತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಎದುರಿಗೆ ನಿಂತು ನಿಧಾನವಾಗಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಡ್ರೈವಿಂಗ್ ಬಿಟ್ಟರು. ಗ್ಯಾರೇಜುಗಳ ಕಡೆ ಹೋಗುವುದನ್ನೂ ಬಿಟ್ಟರು.

ಅಕ್ಕನಿಗೆ ಇದು ಪೂರ್ತಿ ಗೊತ್ತಿರಲಿಲ್ಲ. ತಾಯಿ ಇಲ್ಲದ ಮನೆಯಲ್ಲಿ ಇವರನ್ನು ಎತ್ತಿ ಬೆಳೆಸಿದವರು ಅವರೇ. ದಿನಾ ಸಂಜೆ ಫೋನಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಕಿವಿ ಹೋದ ಮೇಲೆ ಫೋನು ನಿಂತಿತು. ಕಿವಿ ಸ್ವಲ್ಪ ಮಂದವಾಗಿದೆ ಎನ್ನುವುದಕ್ಕಿಂತ ಹೆಚ್ಚು ಹೇಳಕೂಡದು ಎಂದು ಇವರು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅಕ್ಕನ ಆಪರೇಷನ್ ಆದಾಗಲೂ ಬಿ.ಪಿ. ನೆಪ ಹೇಳಿ ನನ್ನೊಬ್ಬಳನ್ನೇ ಕಳಿಸಿದ್ದರು. ಈ ಸಲ ನಾನು ಬಿಡಲಿಲ್ಲ.

ನರಸಾಪುರದ ಹತ್ತಿರ ಹೆದ್ದಾರಿಗೆ ಸೇರಿ ಸ್ವಲ್ಪ ವೇಗ ಹಿಡಿದೆ. ಎಪ್ಪತ್ತರ ಆಸುಪಾಸಿಗೆ ಬಂದಾಗ ಸೀಟಿನ ಕೆಳಗಿನಿಂದ ಒಂದು ನಡುಕ ಶುರುವಾಯಿತು. ಕಾಲು ಸಡಿಲ ಬಿಟ್ಟರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಬರುತ್ತಿತ್ತು. ಇವರು ಕಿಟಕಿಯಿಂದ ಮುಖ ತಿರುಗಿಸಿ ಗೇರಿನ ಮೇಲೆ ಅಂಗೈ ಇಟ್ಟರು. ಒಂದಿಷ್ಟು ಹೊತ್ತು ಇಟ್ಟಿದ್ದು ತೆಗೆದರು.

ಕೋಲಾರ ಪೇಟೆ ಸೇರುವ ಮೊದಲು ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆ. ಟೀ ಚೆನ್ನಾಗಿತ್ತು, ಶುಂಠಿ ಜಜ್ಜಿ ಹಾಕಿದ್ದರು. ಇವರು ಗ್ಲಾಸು ಕೈಯಲ್ಲಿ ಹಿಡಿದು, ತಮ್ಮ ದನಿ ಎಷ್ಟು ಜೋರಾಗಿದೆ ಎಂದು ಗೊತ್ತಾಗದೆ, ಇಡೀ ಅಂಗಡಿಗೆ ಕೇಳುವಂತೆ ಹೇಳಿದರು.

“ಗೇರ್‌ಬಾಕ್ಸ್ ಹೋಗಿದೆ ಪದ್ಮಾ. ತಿರುಗ್ಸು, ಮನೆಗೆ ಹೋಗೋಣ. ಮಂಜ ಬೇರೆ ಗಾಡಿ ಮಾಡ್ಕೊಂಡು ಕರ್ಕೊಂಡು ಬರ್ಲಿ.”

ಮಂಜ ಎಂದರೆ ಅಕ್ಕನ ಮಗ ಮಂಜುನಾಥ. ಟೀ ಕುಡಿಯುತ್ತಿದ್ದವರೆಲ್ಲ ನಮ್ಮ ಕಡೆ ನೋಡಿದರು. ಇದು ಗೇರ್‌ಬಾಕ್ಸಿನ ಮಾತಲ್ಲ ಎಂದು ನನಗೆ ತಿಳಿಯಿತು. ಅಕ್ಕನ ಎದುರು ಹೋಗಿ ನಿಲ್ಲುವ ಧೈರ್ಯ ಇವರಿಗೆ ದಾರಿಯಲ್ಲೇ ಕರಗಿತ್ತು. ಗಾಡಿಯ ನಡುಕ ಒಂದು ಕಾರಣ ಒದಗಿಸಿತ್ತು. ನಾನು ಅವರ ಎದುರಿಗೆ ಬಂದು ನಿಂತೆ.

“ಪರೀಕ್ಷೆ ಮಾಡ್ದೆ ಹೇಳ್ತಿದ್ದೀರಲ್ಲ. ನಿಮ್ಮ ಹುಡುಗ್ರು ಹೀಗೆ ಹೇಳಿದ್ರೆ ಬಿಡ್ತಿದ್ರಾ ನೀವು?”

ಅವರು ನನ್ನ ತುಟಿಯನ್ನೇ ನೋಡಿದರು. ಟೀ ಮುಗಿಸಿ, ಗ್ಲಾಸು ಇಟ್ಟು, ಗಾಡಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಎಲ್ಲೂ ಎಣ್ಣೆ ಸೋರಿರಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ನ್ಯೂಟ್ರಲ್‌ನಲ್ಲಿ ಇಡಿಸಿ, ಗೇರಿನ ಹಿಡಿಯ ಮೇಲೆ ಕೈಯಿಟ್ಟು ನನಗೆ ಕ್ಲಚ್ ಒತ್ತು ಎಂದರು, ಬಿಡು ಎಂದರು, ಮತ್ತೆ ಒತ್ತು ಎಂದರು. ನಿಂತ ಗಾಡಿಯಲ್ಲಿ ಎಂಜಿನ್ ಎಷ್ಟು ಜೋರಾಗಿ ತಿರುಗಿದರೂ ನಡುಕ ಬರಲಿಲ್ಲ. ನನ್ನ ಕಿವಿಗೂ ಹೊಸ ಸದ್ದೇನೂ ಬೀಳಲಿಲ್ಲ. ಇವರು ಹಣೆ ಉಜ್ಜಿಕೊಂಡರು. ಶ್ರೀನಿವಾಸಪುರದವರೆಗೂ ನಿಧಾನವಾಗಿ ಹೋಗಿ ನೋಡೋಣ ಎಂದರು. ಈ ಸಲ ದನಿ ತಗ್ಗಿತ್ತು.

ಶ್ರೀನಿವಾಸಪುರಕ್ಕೆ ಹೋಗಲು ಕಾರಣವಿತ್ತು. ಅಕ್ಕನ ಮಗಳು ಶೈಲಜಾ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ದಾರಿಯಲ್ಲಿ ತಾಯಿಯನ್ನು ನೋಡಿಕೊಳ್ಳಲು ರಜೆ ಹಾಕಿ ನಮಗಾಗಿ ಕಾಯುತ್ತಿದ್ದಳು. ಕೋಲಾರದಿಂದ ಅಲ್ಲಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟಿರಬಹುದು. ಮಾವಿನ ಕಾಲವಾದ್ದರಿಂದ ರಸ್ತೆ ತುಂಬ ಟ್ರಾಕ್ಟರುಗಳು, ಟೆಂಪೋಗಳು, ಕ್ರೇಟು ಹೇರಿದ ಲಾರಿಗಳು. ತೋತಾಪುರಿ ರಾಶಿಯ ಹಿಂದೆ ಆಮೆಯಂತೆ ಸಾಗಬೇಕಾಯಿತು. ಕಿಟಕಿ ಇಳಿಸಿದ್ದೆ. ಹಣ್ಣಿನ ವಾಸನೆಯ ಜೊತೆಗೇ ಆ ಸದ್ದು ಒಳಗೆ ಬಂತು.

ಕಿಚ್, ಕಿಚ್, ಕಿಚ್. ಸಣ್ಣದು, ಹಕ್ಕಿಮರಿ ಕೂಗಿದಂತೆ. ಮೊದಲು ಮುಂದಿನ ಟ್ರಾಕ್ಟರಿನದು ಅಂದುಕೊಂಡೆ. ಅದು ಪಕ್ಕಕ್ಕೆ ಸರಿದು ಹೋದ ಮೇಲೂ ಸದ್ದು ನಮ್ಮ ಜೊತೆಯಲ್ಲೇ ಇತ್ತು. ಇವರಿಗೆ ಹೇಗೆ ಹೇಳುವುದು? ಗಾಡಿ ಓಡಿಸುತ್ತ ಮುಖ ತಿರುಗಿಸುವಂತಿಲ್ಲ. ಎಡಗೈ ಚಾಚಿ ಅವರ ಮೊಣಕಾಲಿನ ಮೇಲೆ ಬೆರಳಿನಿಂದ ಸದ್ದು ಬಂದಂತೆಲ್ಲ ತಟ್ಟಿದೆ. ಅವರು ಬೆಚ್ಚಿ ನೋಡಿದರು. ನಾನು ಕಿವಿ ತೋರಿಸಿ, ಕೆಳಗೆ ತೋರಿಸಿ, ಮತ್ತೆ ತಟ್ಟಿದೆ. ಮುಂದೆ ಇನ್ನೊಂದು ಟ್ರಾಕ್ಟರು ಸಿಕ್ಕಿ ನಾವು ನಿಧಾನವಾದಾಗ ಕಿಚ್ ಕಿಚ್ ನಿಧಾನವಾಯಿತು, ನನ್ನ ಬೆರಳೂ ನಿಧಾನವಾಯಿತು. ದಾರಿ ಬಿಟ್ಟುಕೊಟ್ಟಾಗ ಬೇಗ ಬೇಗ ತಟ್ಟಿದೆ. ಅವರ ಕಣ್ಣು ಸ್ಪೀಡೋಮೀಟರಿನ ಮುಳ್ಳಿನ ಮೇಲೆ ಹೋಯಿತು. ಮುಳ್ಳಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಮುಳ್ಳಿಗೆ.

ರಸ್ತೆ ಖಾಲಿಯಾಗಿ ನೇರವಾಗಿದ್ದ ಒಂದು ಕಡೆ ಅವರು ನನಗೆ ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಡು ಎಂದರು. ಬಿಟ್ಟೆ. ಎಂಜಿನ್ ತಣ್ಣಗಾಯಿತು, ಕಿಚ್ ಕಿಚ್ ತಣ್ಣಗಾಗಲಿಲ್ಲ. ನಾನು ತಟ್ಟುತ್ತಲೇ ಇದ್ದೆ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ತಿರುಗಿಸು ಎಂದರು. ಚಕ್ರದ ಬೇರಿಂಗ್ ಆಗಿದ್ದರೆ ಸದ್ದು ಬದಲಾಗಬೇಕಂತೆ. ಬದಲಾಗಲಿಲ್ಲ. ಬೇವಿನ ಮರವೊಂದರ ನೆರಳಿನಲ್ಲಿ ನಿಲ್ಲಿಸಲು ಹೇಳಿ, ನನ್ನ ಕಡೆ ಪೂರ್ತಿ ತಿರುಗಿ ಕೂತರು.

“ಗೇರ್‌ಬಾಕ್ಸ್ ಅಲ್ಲ. ಅದರ ಹಿಂದೆ ಎಲ್ಲೋ. ಸದ್ದು ಎಂಥದು ಹೇಳು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗಾ, ಉಜ್ಜಿದ ಹಾಗಾ?”

ನನ್ನದು ಹೊಲಿಗೆ ತರಗತಿ. ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಮಾಲೂರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೇನೆ. ಗಾಡಿಯ ಹೊಟ್ಟೆಯಲ್ಲಿ ಏನಿದೆ ಎನ್ನುವುದು ನನಗೆ ಬೇಕಾಗಿರಲೇ ಇಲ್ಲ. ಆದರೆ ಆ ಸದ್ದು ಎಲ್ಲೋ ಕೇಳಿದ್ದು ಅನಿಸುತ್ತಿತ್ತು. ಎಲ್ಲಿ ಎಂದು ಆಗ ಹೊಳೆಯಿತು. ಅವರ ಎದುರು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ: “ಎಣ್ಣೆ ಬಿಡದೆ ಬಿಟ್ಟ ಹೊಲಿಗೆ ಮಿಷನ್ ತುಳಿದ್ರೆ ಬರುತ್ತಲ್ಲ, ಅದೇ. ಒಣಗಿದ ಸದ್ದು.”

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ನಕ್ಕರು. ಆ ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಣಗಿದ ಸದ್ದು, ಒಣಗಿದ ಸದ್ದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಏನೆಂದು ಕೇಳಿದರೆ, ಕೆಳಗೆ ಹೋಗಿ ನೋಡದೆ ಹೇಳಲ್ಲ ಎಂದರು. ಬೆಳಿಗ್ಗೆಯ ತಪ್ಪಿಗೆ ಅದೇ ಅವರ ಉತ್ತರ ಎಂದುಕೊಂಡೆ.

ಶೈಲಜಾ ಕ್ವಾರ್ಟರ್ಸಿನ ಬಾಗಿಲಲ್ಲೇ ಕಾಯುತ್ತಿದ್ದಳು. ಮುದ್ದೆ, ಮಾವಿನಕಾಯಿ ಹಾಕಿದ ಬೇಳೆ ಸಾರು, ಮಜ್ಜಿಗೆ. ಅಷ್ಟು ರುಚಿಯಾದ ಊಟ ದಾರಿಯಲ್ಲಿ ಸಿಗುವುದೇ ಪುಣ್ಯ. ಇವರು ಕೈ ತೊಳೆಯಲು ಹೋದಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಮ್ಮ ದಿನಾ ಸಂಜೆ ಫೋನ್ ದಿಂಬಿನ ಪಕ್ಕ ಇಟ್ಕೊಂಡು ಮಲ್ಗಿರ್ತಾರೆ ಅತ್ತೆ. ರಾಜ ಇವತ್ತೂ ಮಾಡ್ಲಿಲ್ಲ ಅಂತಾರೆ. ನಿನ್ನ ಮಾವಂಗೆ ನನ್ನ ಮೇಲೆ ಏನ್ ಕೋಪ ಅಂತ ನನ್ನೇ ಕೇಳ್ತಾರೆ.” ನಾನು ಅವಳಿಗೆ ಎಲ್ಲ ಹೇಳಿದೆ. ಕೊಟ್ಟ ಮಾತು ಮುರಿದೆ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು ಬ್ಯಾಗು ಎತ್ತಿಕೊಂಡಳು.

ಮುಳಬಾಗಿಲಿನ ದಾರಿಯಲ್ಲಿ ಬಂಡೆಗುಡ್ಡಗಳು ಮಧ್ಯಾಹ್ನದ ಬಿಸಿಲಿಗೆ ಕಾದು ಬೆಳ್ಳಗೆ ಕಾಣುತ್ತಿದ್ದವು. ಐವತ್ತು ದಾಟದಂತೆ ಓಡಿಸಿದೆ. ಒಂದೆರಡು ಹಂಪುಗಳ ಹತ್ತಿರ ನಿಂತು ಹೊರಟಾಗ ಕೆಳಗಿನಿಂದ ಟಣ್ ಎಂದು ಒಂದು ಬಡಿತ ಕೇಳಿತು. ಅದನ್ನೂ ಅವರ ಮೊಣಕಾಲಿಗೆ ಮುಷ್ಟಿಯಿಂದ ಗುದ್ದಿ ತಿಳಿಸಿದೆ. ಅವರು ತಲೆಯಾಡಿಸಿದರು. ಮುಳಬಾಗಿಲಿಗೆ ಬಂದವರು ದೋಸೆ ತಿನ್ನದೆ ಹೋಗುವುದಕ್ಕೆ ಆಗುತ್ತದೆಯೇ? ಗರಿಗರಿ ಅಂಚು, ಒಳಗೆ ಬೆಣ್ಣೆಯಂಥ ಮೆದು, ಕೆಂಪು ಚಟ್ನಿ. ಬಾಳೆಎಲೆಯಲ್ಲಿ ಕಟ್ಟಿಸಿ ಅಕ್ಕನಿಗೂ ತೆಗೆದುಕೊಂಡೆವು. ಹೊತ್ತು ಮುಳುಗಲು ಇನ್ನೂ ಸಮಯವಿರುವಾಗಲೇ ಬೈರಕೂರು ಸೇರಿದೆವು.

ಅಕ್ಕನ ಮಂಚ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ ಇತ್ತು. ಯಾರು ಬಂದರೂ ಕಾಣಲಿ ಎಂದು ಹಾಕಿಸಿಕೊಂಡಿದ್ದರಂತೆ. ತಮ್ಮನನ್ನು ಕಂಡದ್ದೇ ಮೊಣಕೈ ಊರಿ ಏಳಲು ನೋಡಿದರು, ಶೈಲಜಾ ಓಡಿಹೋಗಿ ಹಿಡಿದಳು.

“ಬಂದ್ಯಾ ರಾಜಾ? ಯಾಕೋ ಇಷ್ಟ್ ದಿನ ಬರ್ಲಿಲ್ಲ?” ಎಂದರು.

ಇವರು ಕೈ ಮುಗಿದು, ಮುಗುಳ್ನಕ್ಕು, ಜೋರಾಗಿ ಹೇಳಿದರು: “ಹ್ಞೂ ಅಕ್ಕ, ದಾರಿ ಚೆನ್ನಾಗಿತ್ತು.”

ಅಡುಗೆಮನೆಯಿಂದ ಬಂದ ಸೊಸೆ ಲೋಟ ಹಿಡಿದು ಅಲ್ಲೇ ನಿಂತಳು. ಅಕ್ಕ ಇವರ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅಷ್ಟರಿಂದಲೇ ಅವರಿಗೆ ಎಲ್ಲ ತಿಳಿದುಹೋಯಿತು. ಕೈ ಮಾಡಿ ಇವರನ್ನು ಮಂಚದ ಅಂಚಿಗೆ ಕರೆದರು, ಕೂರಿಸಿಕೊಂಡರು, ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿದರು. ಆಮೇಲೆ ಚಿಕ್ಕ ಮಗುವಿಗೆ ಹೇಳುವಂತೆ, ಒಂದೊಂದೇ ಮಾತಾಗಿ ಕೇಳಿದರು.

“ನಂಗೆ ಯಾಕೋ ಹೇಳ್ಲಿಲ್ಲ?”

“ಏನಂತ ಹೇಳ್ಲಿ ಅಕ್ಕ. ನಿನ್ ಮಾತೇ ಕೇಳ್ಸಲ್ಲ ಅಂತ ನಿಂಗೇ ಹೇಳ್ಬೇಕಾ.”

“ನೀನು ಹುಟ್ಟಿ ಮಾತು ಬರೋವರ್ಗೂ ನಿನ್ ಜತೆ ಯಾರೋ ಮಾತಾಡಿದ್ದು? ನಾನೇ ಅಲ್ವಾ. ಆವಾಗೇನು ನಿಂಗೆ ಅರ್ಥ ಆಗ್ತಿತ್ತಾ?”

ಎಲ್ಲ ಮಾತೂ ಅವರಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಸಿಕ್ಕಷ್ಟು ಸಾಕಾಯಿತು. ಅಕ್ಕನ ಅಂಗೈಯಲ್ಲಿ ಮುಖ ಇಟ್ಟುಕೊಂಡು ಅತ್ತರು. ನಾನು ದೋಸೆಯ ಪೊಟ್ಟಣ ಹಿಡಿದು ಹೊರಗೆ ಬಂದೆ, ಮಾವಿನ ಮರದ ಕೆಳಗೆ ಸುಮ್ಮನೆ ನಿಂತೆ. ದೇವರೇ, ಆ ನಡುಕಕ್ಕೆ ಹೆದರಿ ಕೋಲಾರದಿಂದ ತಿರುಗಿ ಹೋಗದಂತೆ ನನಗೆ ಬುದ್ಧಿ ಕೊಟ್ಟೆಯಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಇವರು ಮುಖ ತೊಳೆದುಕೊಂಡು ಹೊರಗೆ ಬಂದರು. ಒಂದು ಗೋಣಿಚೀಲ ಕೇಳಿ ತೆಗೆದುಕೊಂಡು, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ ಮಾಡಿ ಗಾಡಿಯ ಕೆಳಗೆ ಮಲಗಿ ಸರಿದರು. ಅಲ್ಲಿಂದಲೇ ನನ್ನನ್ನೂ ಕರೆದರು. ಸೀರೆ ಸಿಕ್ಕಿಸಿಕೊಂಡು ನಾನೂ ಇನ್ನೊಂದು ಚೀಲದ ಮೇಲೆ ಮಲಗಿದೆ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ನಾನು ಮೊದಲ ಸಲ ಗಾಡಿಯನ್ನು ಕೆಳಗಿನಿಂದ ನೋಡಿದ್ದು.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯಲು ಉದ್ದನೆಯ ಕಬ್ಬಿಣದ ಕೊಳವೆಯೊಂದಿದೆ, ಅದೇ ಶಾಫ್ಟು. ಗಾಡಿ ಕುಣಿದಂತೆ ಅದೂ ಬಾಗಬೇಕಲ್ಲ, ಅದಕ್ಕೆ ಎರಡೂ ತುದಿಯಲ್ಲಿ ಒಂದೊಂದು ಕೀಲು. ಗ್ಯಾರೇಜಿನವರು ಅದಕ್ಕೆ ಕ್ರಾಸ್ ಎನ್ನುತ್ತಾರೆ. ಇವರು ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿದರು. ಹಿಂದಿನ ಕೀಲು ಟಕ್ ಟಕ್ ಎಂದು ಆಡಿತು. ಅದರ ಸುತ್ತ ಕುಂಕುಮ ಚೆಲ್ಲಿದಂತೆ ಕೆಂಪು ತುಕ್ಕಿನ ಪುಡಿ. ಒಳಗಿನ ಗ್ರೀಸು ಪೂರ್ತಿ ಒಣಗಿ, ಸೂಜಿಯಂಥ ಸಣ್ಣ ಬೇರಿಂಗುಗಳು ಸವೆದು ಪುಡಿಯಾಗಿದ್ದವು. ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನೂ ಹಾಗೇ ಅಲುಗಿಸಿ ನೋಡಿದರು. ಅದು ಗಟ್ಟಿಯಾಗಿತ್ತು.

“ಹೊಲಿಗೆ ಮಿಷನ್ ಮೇಡಂ ಸರಿಯಾಗೇ ಹೇಳಿದ್ರು,” ಎಂದರು, ನನ್ನ ಕಡೆ ತಿರುಗಿ. ನಗುತ್ತಿದ್ದ ಮುಖ ಕೂಡಲೇ ಗಂಭೀರವಾಯಿತು. ಈ ಕೀಲು ಮುರಿದರೆ ಶಾಫ್ಟು ಓಡುತ್ತಲೇ ರಸ್ತೆಗೆ ಬೀಳುತ್ತದೆ. ಅಕ್ಕನನ್ನು ಇದರಲ್ಲಿ ಹೀಗೇ ಕರೆದುಕೊಂಡು ಹೋಗುವ ಹಾಗಿಲ್ಲ. ಮಾವಿನ ಕಾಲದಲ್ಲಿ ಉದ್ದಕ್ಕೆ ಮಲಗಿಸುವಂಥ ಬೇರೆ ಗಾಡಿ ಅಷ್ಟು ಬೇಗ ಸಿಗುವಂತೆಯೂ ಇರಲಿಲ್ಲ. ಡಾಕ್ಟರು ಸಿಗದೆ ಹೋದರೆ ಇನ್ನೊಂದು ವಾರ ಅಕ್ಕ ಮಲಗಿಯೇ ಇರಬೇಕು. ಬೆನ್ನಲ್ಲಿ ಹುಣ್ಣು ಶುರುವಾಗುವ ಹಾಗಿದೆ ಎಂದು ಶೈಲಜಾ ಆಗಲೇ ಹೇಳಿದ್ದಳು.

ಬೆಳಿಗ್ಗೆ ಎದ್ದು ಇಬ್ಬರೇ ನಂಗಲಿಗೆ ಹೊರಟೆವು. ಆಂಧ್ರದ ಗಡಿಯ ಹೆದ್ದಾರಿಯ ಊರು, ಲಾರಿಗಳ ತಂಗುದಾಣ. ಅಲ್ಲಿ ಯಾರಾದರೂ ಸಿಗುತ್ತಾರೆ ಎಂದು ಮಂಜುನಾಥ ಹೇಳಿದ್ದ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುವಷ್ಟು ನಿಧಾನವಾಗಿ ಹೋದೆವು. ಟಣ್ ಟಣ್ ಎನ್ನುವುದು ಈಗ ನನ್ನ ಪಾದಕ್ಕೂ ತಿಳಿಯುತ್ತಿತ್ತು.

ಬಾಬಾಜಾನ್ ಎನ್ನುವವರ ಗ್ಯಾರೇಜು ಲಾರಿ ನಿಲ್ದಾಣದ ಹಿಂದಿತ್ತು. ಒಂದು ಕಡೆ ಜನರೇಟರು, ಇನ್ನೊಂದು ಕಡೆ ಲಾರಿಯ ಸ್ಪ್ರಿಂಗ್ ಪಟ್ಟೆಗೆ ಸುತ್ತಿಗೆ ಏಟು, ಮಧ್ಯದಲ್ಲಿ ವೆಲ್ಡಿಂಗ್. ನನ್ನ ಮಾತು ನನಗೇ ಕೇಳದಂಥ ಗಲಾಟೆ. ನರೆತ ಗಡ್ಡದ ಬಾಬಾಜಾನ್ ಕೈ ಒರೆಸಿಕೊಳ್ಳುತ್ತ ಬಂದರು. ಸಾರ್‌ಗೆ ಕಿವಿ ಕೇಳುವುದಿಲ್ಲ ಎಂದು ನಾನು ಕೂಗಿ ಹೇಳಿದೆ.

“ಇಕ್ಕಡ ಯಾರ್ಗೂ ಕೇಳಲ್ಲ ಬಿಡಮ್ಮಾ,” ಎಂದು ಅವರೂ ಕೂಗಿದರು.

ಅದು ನಿಜವೇ ಆಗಿತ್ತು. ಅಲ್ಲಿದ್ದವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಹೆಬ್ಬೆರಳು ತಿರುಗಿಸಿದರೆ ಬಿಗಿ ಮಾಡು, ಅಂಗೈ ಮಗುಚಿದರೆ ಸಡಿಲಿಸು, ಎರಡು ಬೆರಳು ಅಡ್ಡ ಇಟ್ಟರೆ ಜ್ಯಾಕ್ ಕೊಡು. ಇವರು ಎರಡೂ ಮುಷ್ಟಿ ಒಂದರ ಮೇಲೊಂದು ಇಟ್ಟು ತಿರುವಿ, ಎರಡು ತೋರುಬೆರಳು ಕೂಡಿಸಿ ಕ್ರಾಸ್ ಎಂದು ತೋರಿಸಿದರು. ಬಾಬಾಜಾನ್ ಬಗ್ಗಿ ನೋಡಿ, ಕೆಂಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಹೌದೆಂದರು. ಒಂದು ವರ್ಷದಿಂದ ಯಾವ ಮನೆಗೆ ಹೋದರೂ ಮೂಲೆಯಲ್ಲಿ ಕೂರುತ್ತಿದ್ದ ಮನುಷ್ಯ ಅಲ್ಲಿ ಎಲ್ಲರ ಮಧ್ಯೆ ನಿಂತಿದ್ದರು. ನಾನು ಒಂದು ಟೈರಿನ ಮೇಲೆ ಕೂತು ನೋಡುತ್ತಲೇ ಇದ್ದೆ. ಆ ಗಲಾಟೆ ನನಗೆ ಹಿತವಾಗಿತ್ತು.

ತೊಂದರೆ ಬೇರೆ ಕಡೆ ಇತ್ತು. ಅವರ ಹತ್ತಿರ ಇದ್ದ ಕ್ರಾಸುಗಳೆಲ್ಲ ಲಾರಿಯವು, ದೊಡ್ಡವು. ನಮ್ಮ ಅಳತೆಯದು ಹೊರಗಿನಿಂದ ತರಿಸಬೇಕು, ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಇವರು ಗಾಡಿಯನ್ನೊಮ್ಮೆ ಸುತ್ತಿ ಬಂದರು. ಹಿಂದಿನ ಶಾಫ್ಟನ್ನು ಪೂರ್ತಿ ಬಿಚ್ಚಿ ಒಳಗೆ ಹಾಕಿಕೊಂಡು, ಚಿಕ್ಕ ಹಿಡಿ ಎಳೆದು, ಮುಂದಿನ ಚಕ್ರಗಳ ಬಲದಲ್ಲೇ ಹೋದರೆ ಹೇಗೆ ಎಂದು ಕೇಳಿದರು. ಬಾಬಾಜಾನ್ ಗಡ್ಡ ಕೆರೆದುಕೊಂಡರು. ಅವರ ತುಟಿ ಇವರಿಗೆ ಕಾಣುವಂತೆ ಹತ್ತಿರ ಬಂದು ನಿಂತರು.

“ಆಗುತ್ತೆ ಸಾರ್. ಹೊಳೆ ಮರಳಲ್ಲಿ ಒಂದ್ ಜೀಪ್ ಹಂಗೇ ತೆಗ್ಸಿದ್ದೆ. ಆದ್ರೆ ಪೇಷೆಂಟ್ ಇದಾರೆ ಅಂತೀರ. ನಾನು ಜತೇಲಿ ಬಂದು ನೋಡ್ದೆ ಕಳ್ಸಲ್ಲ.”

ಇಬ್ಬರೂ ಸೇರಿ ಬೋಲ್ಟುಗಳನ್ನು ಬಿಚ್ಚಿದರು. ಒಂದು ತುಕ್ಕು ಹಿಡಿದು ಕೂತಿತ್ತು. ಅದಕ್ಕೆ ಡೀಸೆಲ್ ಬಿಟ್ಟು, ಕಾದು, ಮತ್ತೆ ತಿರುಗಿಸಿದರು. ಶಾಫ್ಟು ಕೈಗೆ ಬಂದಾಗ ಅದರ ತುದಿಯ ಕೀಲು ಅಲ್ಲಾಡುವ ಹಲ್ಲಿನಂತೆ ತೂಗಾಡುತ್ತಿತ್ತು. ಇನ್ನು ಹತ್ತಾರು ಮೈಲಿಯೂ ತಡೆಯುತ್ತಿರಲಿಲ್ಲವೇನೋ. ಮುಂದಿನ ಶಾಫ್ಟಿನ ಕೀಲುಗಳಿಗೆ ಗ್ರೀಸು ತುಂಬಿ, ಬೋಲ್ಟು ಬಿಗಿ ನೋಡಿ, ಹ್ಯಾಂಡ್‌ಬ್ರೇಕು ಪರೀಕ್ಷಿಸಿ, ಬಾಬಾಜಾನ್ ಕೆಲಸ ಬಿಟ್ಟು ನಮ್ಮ ಜೊತೆ ಹತ್ತಿ ಕೂತರು. ಬೈರಕೂರಿನವರೆಗೂ ಬಂದರು. ನಡುಕವಿಲ್ಲ, ಕಿಚ್ ಇಲ್ಲ, ಟಣ್ ಇಲ್ಲ. ಸ್ಟಿಯರಿಂಗ್ ಮಾತ್ರ ಸ್ವಲ್ಪ ಭಾರ. ನಲವತ್ತು ದಾಟಬೇಡಿ, ಏರು ಸಿಕ್ಕರೆ ಮೆಲ್ಲಗೆ ಹತ್ತಿಸಿ, ಜೋರಾಗಿ ಎಳೆಯಬೇಡಿ ಎಂದು ನನಗೆ ಹೇಳಿಕೊಟ್ಟರು.

ಅಕ್ಕನಿಗೆ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಿ ಕೇಳಿದೆವು. ಹಿಂದಿನ ಚಕ್ರ ತಳ್ಳುವುದಿಲ್ಲ, ಮುಂದಿನದು ಎಳೆಯುತ್ತದೆ. ಭಯವಿದ್ದರೆ ಮುಂದಿನ ವಾರ ಹೋಗೋಣ ಎಂದೆ.

“ನೀವಿಬ್ರೂ ನೋಡಿದ್ದೀರಾ?” ಎಂದು ತಮ್ಮನನ್ನೂ ಬಾಬಾಜಾನರನ್ನೂ ಕೇಳಿದರು. ಇಬ್ಬರೂ ತಲೆಯಾಡಿಸಿದರು. “ಇನ್ನೇನ್ ಮತ್ತೆ. ಎತ್ತಿ ನನ್ನ.”

ಜಮಖಾನದ ನಾಲ್ಕು ಮೂಲೆ ಹಿಡಿದು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. ಶೈಲಜಾ ಪಕ್ಕದಲ್ಲಿ ಕೂತಳು. ಬಾಬಾಜಾನ್ ಮಂಜುನಾಥನ ಬೈಕಿನ ಹಿಂದೆ ಹತ್ತಿ ನಂಗಲಿಗೆ ಹೊರಟರು. ಹೊರಡುವ ಮೊದಲು ಇವರ ಎರಡೂ ಕೈ ಹಿಡಿದು, ಕ್ರಾಸ್ ಹಾಕಿಸಿಕೊಂಡು ಒಮ್ಮೆ ಈ ಕಡೆ ಬನ್ನಿ ಎಂದು ಸನ್ನೆಯಲ್ಲೇ ಹೇಳಿದರು. ನಾನು ಅವರಿಗೆ ಕೈ ಮುಗಿದೆ.

ಮುಳಬಾಗಿಲು ದಾಟಿ ಹೆದ್ದಾರಿಯ ಎಡ ಅಂಚಿನಲ್ಲೇ ಸಾಗಿದೆವು. ಎಲ್ಲ ಗಾಡಿಗಳೂ ನಮ್ಮನ್ನು ದಾಟಿ ಹೋದವು, ಹೋಗಲಿ ಎಂದುಕೊಂಡೆ. ಒಂದು ಏರಿನಲ್ಲಿ ಗೇರು ಇಳಿಸಿ ಮೆಲ್ಲಗೆ ಹತ್ತಿಸಿದೆ. ಇವರು ಗೇರಿನ ಮೇಲೆ ಅಂಗೈ ಇಟ್ಟು, ಸರಿಯಿದೆ ಎಂದು ಕತ್ತು ಆಡಿಸಿದರು. ಮೋಡ ಕವಿದು ಬಿಸಿಲು ತಗ್ಗಿದ್ದೂ ಒಂದು ಉಪಕಾರವೇ ಆಯಿತು. ಡಾಕ್ಟರು ಎದ್ದು ಹೋಗುವ ಮೊದಲೇ ಕೋಲಾರ ತಲುಪಿದೆವು.

ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಚೆನ್ನಾಗಿ ಕೂಡಿದೆ, ವಾಕರ್ ಹಿಡಿದು ನಿಲ್ಲಲಿ ಎಂದರು. ಶೈಲಜಾ ಒಂದು ಕಡೆ, ಆಸ್ಪತ್ರೆಯವರು ಇನ್ನೊಂದು ಕಡೆ ಹಿಡಿದರು. ಅಕ್ಕ ಕಾಲೂರಿದರು. ಮುಖ ಕಿವುಚಿತು, ಉಸಿರು ಬಿಗಿಯಾಯಿತು, ಆದರೂ ನಿಂತರು. ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಇವರು ಗೋಡೆಗೆ ಒರಗಿ ನೋಡುತ್ತಿದ್ದವರು, ಅಷ್ಟು ಜನರ ಮಧ್ಯೆ, ತಮ್ಮ ದನಿಯ ಅಂದಾಜಿಲ್ಲದೆ, “ಅಕ್ಕ ನಿಂತ್ಳು ಪದ್ಮಾ” ಎಂದರು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಯಾರೋ ಒಬ್ಬಾಕೆ, ನಿಮ್ಮ ತಾಯಿನಾ ಎಂದು ನನ್ನನ್ನು ಕೇಳಿದರು. ಇವರಿಗೆ ತಾಯಿಯೇ ಎಂದೆ.

ಶೈಲಜಾಳನ್ನು ಬಸ್ ನಿಲ್ದಾಣದಲ್ಲಿ ಶ್ರೀನಿವಾಸಪುರದ ಬಸ್ಸಿಗೆ ಹತ್ತಿಸಿದೆವು. ಅವಳಿಗೆ ರಾತ್ರಿ ಡ್ಯೂಟಿಯಿತ್ತು. ಅವಳು ಕಿಟಕಿಯಿಂದ ಕೈ ಬೀಸುತ್ತಿದ್ದಂತೆ ನಾವು ಮಾಲೂರಿನ ದಾರಿ ಹಿಡಿದೆವು. ಹೊಸ ಕ್ರಾಸು ಬೆಂಗಳೂರಿನಿಂದ ಬಂದು, ಇವರೇ ಅದನ್ನು ಕೂರಿಸಿದ್ದು ಆಮೇಲಿನ ಮಾತು. ಆ ಸಂಜೆ ಮಾತ್ರ ಶಾಫ್ಟು ಅಕ್ಕನ ಹಾಸಿಗೆಯ ಪಕ್ಕ ಬಟ್ಟೆ ಸುತ್ತಿಕೊಂಡು ಮಲಗಿತ್ತು.

ಕೋಲಾರ ಬಿಟ್ಟ ಮೇಲೆ ಅಕ್ಕ ಮಾತು ಶುರುಮಾಡಿದರು. ಟೊಮೆಟೊ ರೇಟು, ಕರು ಹಾಕಿದ ಹಸು, ಸೊಸೆಯ ತವರು, ಮಲಗಿದ್ದಾಗ ಎಣಿಸಿದ ಜಂತೆಗಳು. ಒಂದು ವರ್ಷದ ಮಾತು ಅದು. ಇವರು ಬೆಲ್ಟು ಬಿಗಿದಿದ್ದಂತೆಯೇ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಸೀಟಿನ ಬೆನ್ನಿಗೆ ಗಲ್ಲ ಊರಿ, ಅಕ್ಕನ ತುಟಿಯನ್ನೇ ನೋಡುತ್ತ ಕೂತರು. ಅರ್ಥವಾಗದಿದ್ದ ಕಡೆ ಇನ್ನೊಂದು ಸಲ ಹೇಳು ಎನ್ನುತ್ತಿದ್ದರು. ಅಕ್ಕ ಇನ್ನೊಂದು ಸಲ ಹೇಳುತ್ತಿದ್ದರು. ಹೊತ್ತು ಇಳಿದು ನೀಲಗಿರಿ ತೋಪುಗಳ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಮಾಲೂರು ಬರುವವರೆಗೂ ಇವರು ರಸ್ತೆಯ ಕಡೆ ತಿರುಗಲಿಲ್ಲ. ಗಾಡಿಯಲ್ಲಿ ಏನಾದರೂ ಸದ್ದು ಬರುತ್ತಿದೆಯಾ ಎಂದು ನನ್ನನ್ನು ಒಂದು ಸಲವೂ ಕೇಳಲಿಲ್ಲ.